ಹೇಲೋ ೨: ಶತ್ರುವಿನ ಕಣ್ಣಿನಿಂದ ಕಂಡ ಯುದ್ಧ

ಒಂದು ಕಥೆಯ ಪೂರ್ವಭಾಗವು ಜನರ ಮನಸ್ಸನ್ನು ಸೆಳೆದುಬಿಟ್ಟರೆ ಉತ್ತರಭಾಗವನ್ನು ರಚಿಸುವವನ ಪಾಡು ಕಷ್ಟ. ಮೊದಲಿನಂತೆಯೇ ಇದ್ದರೆ ‘ಇದರಲ್ಲಿ ಹೊಸತೇನು?’ ಎಂದು ಕೇಳುವರು. ಬೇರೆಯಾಗಿದ್ದರೆ ‘ಹಿಂದಿನ ಸೊಗಸು ಎಲ್ಲಿ ಹೋಯಿತು?’ ಎಂದು ಹಲುಬುವರು. ಬಹುಕಾಲದಿಂದ ಕವಿಗಳಿಗೂ ನಾಟಕಕಾರರಿಗೂ ಇದ್ದ ಈ ಸಂಕಟವು ಈಗ ಯಂತ್ರದ ಆಟಗಳನ್ನು ಕಟ್ಟುವವರಿಗೂ ಬಂದಿದೆ. ಅಂತಹ ಉತ್ತರಭಾಗಗಳಲ್ಲಿ ಬಹು ಪ್ರಸಿದ್ಧವಾದುದೊಂದು ‘ಹೇಲೋ ೨’ ಎಂಬ ಗುಂಡಿನಾಟ. ಇದು ಹೊರಬಿದ್ದುದು ೨೦೦೪ನೆಯ ಇಸವಿ ನವೆಂಬರ್ ೯ರಂದು. ಇಪ್ಪತ್ತು ವರ್ಷಗಳು ಕಳೆದ ಮೇಲೆ ಇದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಆಡಿ ನೋಡಿದೆವು. ಕಾಲವೆಂಬ ಒರೆಗಲ್ಲಿನ ಮೇಲೆ ಇದರಲ್ಲಿ ಉಳಿದ ಬಂಗಾರವೆಷ್ಟು, ಅಳಿದ ಮೆರುಗೆಷ್ಟು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಗುಂಡಿನಾಟದ ಪ್ರಸ್ತಾಪವೇಕೆಂದು ಕೆಲವರು ಹುಬ್ಬುಗಂಟಿಕ್ಕಬಹುದು. ಆದರೆ ಈ ಆಟಗಳು ನಮ್ಮ ಅಪ್ಪಣೆಗಾಗಿ ಬಾಗಿಲಲ್ಲಿ ಕಾದು ನಿಂತಿಲ್ಲ. ನಡುಮನೆಗೇ ಬಂದು ಕುಳಿತಿವೆ. ಮಕ್ಕಳು ಓದುವ ಪುಸ್ತಕವನ್ನು ತೆರೆದು ನೋಡುವುದು ಹಿರಿಯರ ಧರ್ಮವಾದರೆ, ಅವರು ಆಡುವ ಆಟವನ್ನು ನೋಡುವುದೂ ಧರ್ಮವೇ ಸರಿ. ನೋಡದೆ ಹೊಗಳುವುದು ಎಷ್ಟು ಅನುಚಿತವೋ ನೋಡದೆ ತೆಗಳುವುದೂ ಅಷ್ಟೇ ಅನುಚಿತ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವೆವು. ಟೆಲಿವಿಷನ್ನಿಗೆ ಜೋಡಿಸಿ ಆಡತಕ್ಕ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯವರು ೨೦೦೧ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಎಂಬ ಕನ್ಸೋಲನ್ನು ಮಾರಾಟಕ್ಕೆ ತಂದಾಗ ಅದರೊಡನೆಯೇ ‘ಹೇಲೋ’ ಎಂಬ ಆಟವೂ ಬಂದಿತು. ರಚಿಸಿದವರು ಬಂಗೀ ಎಂಬ ಸಂಸ್ಥೆಯವರು. ೧೯೯೧ರಲ್ಲಿ ಷಿಕಾಗೋ ನಗರದಲ್ಲಿ ಹುಟ್ಟಿದ ಈ ಸಂಸ್ಥೆಯು ೨೦೦೦ದಲ್ಲಿ ಮೈಕ್ರೋಸಾಫ್ಟಿನವರ ವಶವಾಗಿತ್ತು. ಗುಂಡಿನಾಟಕ್ಕೆ ಕಂಪ್ಯೂಟರಿನ ಕೀಲಿಮಣೆಯೂ ಮೌಸೂ ಬೇಕು, ಕನ್ಸೋಲಿನ ಕೈಹಿಡಿ ಸಾಲದು ಎಂದು ಅನೇಕರು ನಂಬಿದ್ದ ಕಾಲವದು. ಆ ನಂಬಿಕೆಯನ್ನು ಅಲುಗಿಸಿದ ಆಟಗಳಲ್ಲಿ ‘ಹೇಲೋ’ ಒಂದು. ಮೂರು ವರ್ಷಗಳ ಮೇಲೆ ಉತ್ತರಭಾಗವು ಬಂದಾಗ ಉತ್ತರ ಅಮೆರಿಕದಲ್ಲಿ ಮೊದಲನೆಯ ದಿನವೇ ೨೪ ಲಕ್ಷ ಪ್ರತಿಗಳು ವಿಕ್ರಯವಾಗಿ ೧೨.೫ ಕೋಟಿ ಡಾಲರುಗಳು ಕೂಡಿದುವು.

ಕಥೆ ನಡೆಯುವುದು ಕ್ರಿ.ಶ. ೨೫೫೨ರಲ್ಲಿ. ಮಾನವರಿಗೂ ಕವನಂಟ್ ಎಂಬ ಅನ್ಯಲೋಕದವರ ಒಕ್ಕೂಟಕ್ಕೂ ಘೋರಯುದ್ಧ ನಡೆದಿರುತ್ತದೆ. ಪುರಾತನ ಜನಾಂಗವೊಂದು ಕಟ್ಟಿ ಬಿಟ್ಟುಹೋದ ಹೇಲೋ ಎಂಬ ಮಹಾವಲಯಗಳು ಆಕಾಶದಲ್ಲಿ ತೇಲುತ್ತಿವೆ. ಅವುಗಳನ್ನು ಹೊತ್ತಿಸಿದರೆ ತಮಗೆ ದೇವತ್ವಕ್ಕೆ ‘ಮಹಾಪ್ರಯಾಣ’ವು ಲಭಿಸುವುದೆಂದು ಕವನಂಟಿನವರ ಶ್ರದ್ಧೆ. ನಿಜವಾಗಿ ಅವು ಸಂಹಾರಯಂತ್ರಗಳು. ಪ್ರಾಣಿಗಳ ದೇಹವನ್ನು ಹೊಕ್ಕು ಹಬ್ಬುವ ಫ್ಲಡ್ ಎಂಬ ಪಿಡುಗಿಗೆ ಆಹಾರವಿಲ್ಲದಂತೆ ಮಾಡುವುದಕ್ಕಾಗಿ, ಬುದ್ಧಿಯುಳ್ಳ ಜೀವಿಗಳನ್ನೆಲ್ಲ ಒಮ್ಮೆಗೇ ಅಳಿಸಿಬಿಡುವಂತೆ ಅವನ್ನು ನಿರ್ಮಿಸಿದ್ದರು. ಪೂರ್ವಭಾಗದಲ್ಲಿ ಮಾಸ್ಟರ್ ಚೀಫ್ ಎಂಬ ಹಸುರು ಕವಚದ ಯೋಧನು ಅಂತಹ ಒಂದು ವಲಯವನ್ನು ಒಡೆದುಹಾಕುತ್ತಾನೆ. ಉತ್ತರಭಾಗವು ಅಲ್ಲಿಂದ ಮುಂದುವರಿಯುತ್ತದೆ.

ಇದರ ಆರಂಭವನ್ನು ಬರೆದವರ ಕೈ ಪಳಗಿದ ಕೈ. ಭೂಮಿಯ ಮೇಲುಗಡೆ ತೇಲುವ ಕೈರೋ ಎಂಬ ನೆಲೆಯಲ್ಲಿ ವಲಯವನ್ನು ಒಡೆದ ವೀರನಿಗೆ ಪದಕಪ್ರದಾನದ ಸಮಾರಂಭ. ಅದೇ ಹೊತ್ತಿಗೆ ಶತ್ರುಗಳ ಪುಣ್ಯನಗರಿಯಲ್ಲಿ ಆ ವಲಯವನ್ನು ಕಾಯಲಾರದೆ ಹೋದ ಸೇನಾಪತಿಯ ವಿಚಾರಣೆ. ಇಲ್ಲಿ ಕರತಾಡನ, ಅಲ್ಲಿ ಧಿಕ್ಕಾರ. ಇಲ್ಲಿ ಎದೆಗೆ ಪದಕವನ್ನು ಸಿಕ್ಕಿಸುವರು. ಅಲ್ಲಿ ಕವಚವನ್ನು ಕಳಚಿ ಕಾಸಿದ ಮುದ್ರೆಯನ್ನು ಎದೆಗೆ ಒತ್ತುವರು. ಈ ಎರಡು ದೃಶ್ಯಗಳು ಒಂದರೊಡನೊಂದು ಹೆಣೆದುಕೊಂಡು ಸಾಗುತ್ತವೆ. ಒಂದೇ ಘಟನೆಯು ಒಂದು ಕಡೆ ವಿಜಯವೂ ಮತ್ತೊಂದು ಕಡೆ ಮಹಾಪಾತಕವೂ ಆಗಿರುವುದನ್ನು ಒಂದು ಮಾತೂ ಉಪದೇಶಿಸದೆ ತೋರಿಸಿಬಿಡುವರು.

ಮುಂದಿನ ತಿರುವಿನಲ್ಲಿ ಈ ಆಟದ ಹೆಗ್ಗಳಿಕೆಯಿದೆ. ಅವಮಾನಿತನಾದ ಆ ಸೇನಾಪತಿಗೆ ಗುರುಗಳೆನಿಸಿಕೊಂಡವರು ‘ಆರ್ಬಿಟರ್’ ಎಂಬ ಪದವಿಯನ್ನು ಕೊಡುತ್ತಾರೆ. ಹೆಸರಿಗೆ ಅದು ಗೌರವ. ಆ ಪದವಿಯಲ್ಲಿ ಇವನ ಹಿಂದೆ ಇದ್ದವರೆಲ್ಲರೂ ಕಾರ್ಯದಲ್ಲಿಯೇ ಮಡಿದವರು. ಅವರ ಸಮಾಧಿಗಳ ನಡುವೆ ನಿಂತು ಅವನು ಹಳೆಯ ಕವಚವನ್ನು ತೊಡುತ್ತಾನೆ. ಇನ್ನು ಆಡುವವನು ನಡೆಸಬೇಕಾದುದು ಈ ಆರ್ಬಿಟರನನ್ನೇ! ಪೂರ್ವಭಾಗದಲ್ಲೆಲ್ಲ ಯಾರನ್ನು ಗುರಿಯಿಟ್ಟು ಹೊಡೆದಿದ್ದೆವೋ ಅವರ ಕುಲದವನ ಕಣ್ಣಿನಿಂದಲೇ ಈಗ ಲೋಕವನ್ನು ನೋಡಬೇಕು. ನಮ್ಮನ್ನು ಕಂಡೊಡನೆ ಕೂಗಿ ಓಡುತ್ತಿದ್ದ ಗಿಡ್ಡ ಸೈನಿಕರು ಈಗ ನಮ್ಮ ಪಕ್ಕದಲ್ಲಿ ನಂಬಿಕೆಯಿಂದ ಹೆಜ್ಜೆಹಾಕುತ್ತಾರೆ.

ಇನ್ನೊಂದು ಸೂಕ್ಷ್ಮವುಂಟು. ಪೂರ್ವಭಾಗದಲ್ಲಿ ಎಲೀಟರೆಂಬ ಈ ಕುಲದವರ ಮಾತು ನಮಗೆ ತಿಳಿಯುತ್ತಿರಲಿಲ್ಲ. ಬರಿಯ ಗರ್ಜನೆಯಂತೆ ಕೇಳುತ್ತಿತ್ತು. ಉತ್ತರಭಾಗದಲ್ಲಿ ಅವರ ಮಾತು ನಮಗೆ ಅರ್ಥವಾಗುವ ಇಂಗ್ಲಿಷಾಗಿ ಕೇಳಿಬರುತ್ತದೆ. ಭಾಷೆ ಬಂದೊಡನೆ ಅವರಿಗೆ ಮಾನ, ಭಕ್ತಿ, ಸಂದೇಹ, ದುಃಖಗಳೆಲ್ಲವೂ ಬಂದುವು. ಭಾಷೆ ತಿಳಿಯದವನನ್ನು ಮೃಗವೆಂದು ಭಾವಿಸುವುದು ಸುಲಭ. ಮಾತು ತಿಳಿದ ಮೇಲೆ ಹಾಗೆ ಭಾವಿಸುವುದು ಕಷ್ಟ. ಜೀವಮಾನವೆಲ್ಲ ಭಾಷೆಯನ್ನು ಪಾಠಹೇಳಿದ ನಮಗೆ ಈ ಒಂದು ಸಂಗತಿಯು ಆಟದ ಎಲ್ಲ ಆಯುಧಗಳಿಗಿಂತಲೂ ಹೆಚ್ಚು ಬಲವುಳ್ಳದ್ದಾಗಿ ಕಂಡಿತು. ಆರ್ಬಿಟರನ ಪಾತ್ರಕ್ಕೆ ಧ್ವನಿಕೊಟ್ಟ ಕೀತ್ ಡೇವಿಡ್ ಎಂಬ ನಟನ ಗಂಭೀರಕಂಠವು ಇದಕ್ಕೆ ಮೆರುಗಿಟ್ಟಿದೆ.

೨೦೦೪ರಲ್ಲಿ ಅನೇಕರಿಗೆ ಇದು ರುಚಿಸಲಿಲ್ಲ. ‘ನಾವು ಬಂದುದು ಮಾಸ್ಟರ್ ಚೀಫನಾಗಿ ಆಡಲು; ಈ ಶತ್ರುವಿನ ಗೊಡವೆ ನಮಗೇಕೆ?’ ಎಂದು ಅವರ ಆಕ್ಷೇಪ. ಇಂದು ನೋಡಿದರೆ ಆ ಆಕ್ಷೇಪಕ್ಕೆ ಗುರಿಯಾದ ಭಾಗವೇ ಬಾಡದೆ ಉಳಿದಿದೆ. ಚೀಫನ ಕಥೆಯಲ್ಲಿ ಸಾಹಸವಿದೆ, ಬದಲಾವಣೆಯಿಲ್ಲ. ಅವನು ಮೊದಲು ಎಂತಹವನೋ ಕೊನೆಗೂ ಅಂತಹವನೇ. ಆರ್ಬಿಟರನಾದರೋ ವಿಧೇಯತೆಯಿಂದ ತೊಡಗಿ ಸಂದೇಹಕ್ಕೂ ಸಂದೇಹದಿಂದ ಪ್ರಶ್ನೆಗೂ ಬರುತ್ತಾನೆ. ಪರಮಪವಿತ್ರವೆಂದು ತಾನು ನಂಬಿದ ವಲಯಗಳು ನಿಜವಾಗಿ ಏತಕ್ಕಾಗಿ ಇರುವುವೆಂದು ಕಟ್ಟಕಡೆಯ ಸನ್ನಿವೇಶದಲ್ಲಿ ಅವನು ಕೇಳುವ ಆ ಒಂದು ಪ್ರಶ್ನೆಯೇ ಕಥೆಯ ಶಿಖರ. ಅದಕ್ಕೆ ದೊರೆತ ಉತ್ತರವು ಅವನ ಜೀವನದ ಸಾಧನೆಯನ್ನೆಲ್ಲ ಒಂದೇ ಕ್ಷಣದಲ್ಲಿ ನಿರರ್ಥಕಗೊಳಿಸುತ್ತದೆ. ಆದರೂ ಅವನು ಅದನ್ನು ಸ್ವೀಕರಿಸಿ ನಿಲ್ಲುತ್ತಾನೆ.

ಪ್ರತಿನಾಯಕನನ್ನು ಕನಿಕರದಿಂದ ಕಾಣುವುದು ಕನ್ನಡಿಗರಿಗೆ ಹೊಸತಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ರಣರಂಗದಲ್ಲಿ ಒಬ್ಬೊಬ್ಬರ ಕಳೇಬರವನ್ನೂ ಕಂಡು ಮರುಗುತ್ತ, ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುವುದನ್ನು ಓದಿದವರು ಇದನ್ನು ಬಲ್ಲರು. ಆದರೆ ಕಾವ್ಯದಲ್ಲಿ ನಾವು ದೂರ ನಿಂತು ನೋಡುತ್ತೇವೆ. ಇಲ್ಲಿಯಾದರೋ ಶತ್ರುವಿನ ಕಾಲಿನಿಂದ ನಾವೇ ನಡೆಯಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳದಿದ್ದರೆ ವಿಮರ್ಶೆಯು ಸ್ತುತಿಪಾಠವಾದೀತು. ಎಲೀಟರಿಗೆ ಮಾನವನ್ನು ಕೊಟ್ಟ ಲೇಖಕರು ಬ್ರೂಟರೆಂಬ ಮತ್ತೊಂದು ಕುಲದವರನ್ನು ಅವರ ಸ್ಥಾನದಲ್ಲಿ ತಂದು ನಿಲ್ಲಿಸಿದರು. ಇವರು ಕ್ರೂರರು, ದಡ್ಡರು, ಕೊಲ್ಲಲ್ಪಡುವುದಕ್ಕಾಗಿಯೇ ಹುಟ್ಟಿದವರು. ಗುಂಡು ಹಾರಿಸುವ ಆಟಕ್ಕೆ ಯಾರಾದರೂ ಗುರಿಯಾಗಬೇಕಷ್ಟೆ! ಹೀಗಾಗಿ ದ್ವೇಷವು ಮನೆಯನ್ನು ಬದಲಾಯಿಸಿತೇ ಹೊರತು ಊರನ್ನು ಬಿಡಲಿಲ್ಲ.

ಇನ್ನು ಆಟದ ಮಾತು. ಪೂರ್ವಭಾಗದಲ್ಲಿಲ್ಲದ ಕೆಲವು ಅನುಕೂಲಗಳು ಇಲ್ಲಿವೆ. ಎರಡು ಕೈಗಳಲ್ಲಿಯೂ ಒಂದೊಂದು ಬಂದೂಕನ್ನು ಹಿಡಿಯಬಹುದು. ಧಾವಿಸಿ ಬರುವ ಶತ್ರುವಿನ ವಾಹನದ ಮೇಲೆ ನೆಗೆದು ಅದನ್ನು ಕಿತ್ತುಕೊಳ್ಳಬಹುದು. ಕಾಂತಿಯ ಖಡ್ಗವನ್ನು ಬೀಸಬಹುದು. ವಾಹನಾಪಹರಣದ ಉಲ್ಲಾಸವು ಇಂದಿಗೂ ಕುಂದಿಲ್ಲ. ಜೋಡಿ ಬಂದೂಕುಗಳ ಚಮತ್ಕಾರ ಮಾತ್ರ ಸ್ವಲ್ಪ ಹೊತ್ತಿನಲ್ಲಿ ಹಳಸುತ್ತದೆ. ಅವುಗಳಿಗಾಗಿ ಕೈಬಾಂಬನ್ನು ಬಿಟ್ಟುಕೊಡಬೇಕಾದುದು ನಷ್ಟದ ವ್ಯಾಪಾರ. ಅತಿ ಕಠಿಣವಾದ ಮಟ್ಟದಲ್ಲಿ ದೂರದಿಂದ ಒಂದೇ ಏಟಿಗೆ ಕೊಲ್ಲುವ ಜ್ಯಾಕಲ್ ಎಂಬ ಗುರಿಕಾರರನ್ನು ಇಟ್ಟಿರುವುದು ಜಾಣತನದ ಪರೀಕ್ಷೆಯಲ್ಲ, ತಾಳ್ಮೆಯ ಶಿಕ್ಷೆ. ಹಳೆಯ ಯಂತ್ರದಲ್ಲಿ ದೃಶ್ಯವು ಬದಲಾದಾಗ ಮುಖದ ಮೇಲಣ ಬಣ್ಣವೂ ಗೋಡೆಯ ಮೇಲಣ ಕೆತ್ತನೆಯೂ ಒಂದೆರಡು ಕ್ಷಣ ತಡವಾಗಿ ಬಂದು ಅಂಟಿಕೊಳ್ಳುವುದು ಕಣ್ಣಿಗೆ ಕಸದಂತೆ ಚುಚ್ಚುತ್ತದೆ. ಮಾರ್ಟಿನ್ ಓಡಾನೆಲ್, ಮೈಕೇಲ್ ಸಾಲ್ವಟೋರಿ ಎಂಬಿಬ್ಬರು ಕಟ್ಟಿದ ಸಂಗೀತವಾದರೋ ಇಂದು ಮಾಡಿದಂತೆ ಹೊಸತಾಗಿದೆ. ಮಠದ ಸನ್ಯಾಸಿಗಳ ಗಾನದಂತಹ ಸ್ವರಗಳೊಡನೆ ಸ್ಟೀವ್ ವೈ ನುಡಿಸಿದ ಗಿಟಾರಿನ ನಾದವು ಬೆರೆತಾಗ ರೋಮಾಂಚವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಮುಕ್ತಾಯ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ನಾಟಕಕ್ಕೆ ಐದು ಸಂಧಿಗಳನ್ನು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ‘ಹೇಲೋ ೨’ರಲ್ಲಿ ಮೊದಲ ನಾಲ್ಕು ಸಂಧಿಗಳಿವೆ, ಐದನೆಯದಿಲ್ಲ. ಯುದ್ಧವು ಭೂಮಿಗೆ ಮರಳುತ್ತದೆ, ಯುದ್ಧವನ್ನು ಮುಗಿಸಲು ಬಂದಿರುವೆನೆಂದು ಚೀಫನು ಹೇಳುತ್ತಾನೆ, ತೆರೆ ಬೀಳುತ್ತದೆ! ಕಾರಣವನ್ನು ರಚಿಸಿದವರೇ ಮುಂದೆ ಬಹಿರಂಗವಾಗಿ ಹೇಳಿಕೊಂಡರು. ೨೦೦೩ರ ಮೇ ತಿಂಗಳಲ್ಲಿ ಅಮೆರಿಕದ ಪ್ರದರ್ಶನವೊಂದರಲ್ಲಿ ಕೀನ್ಯಾದ ಮೊಂಬಾಸಾವನ್ನು ಹೋಲುವ ಭವಿಷ್ಯದ ನಗರದಲ್ಲಿನ ಕಾಳಗವನ್ನು ತೋರಿಸಿ ಜನರನ್ನು ಬೆರಗುಗೊಳಿಸಿದ್ದರು. ಆದರೆ ಅಷ್ಟು ಭಾರವನ್ನು ಹೊರುವ ಶಕ್ತಿ ಎಕ್ಸ್‌ಬಾಕ್ಸಿಗೆ ಇರಲಿಲ್ಲ. ಕಟ್ಟಿದ್ದನ್ನು ಬಹುಪಾಲು ಕೆಡವಿ ಮತ್ತೆ ಕಟ್ಟಬೇಕಾಯಿತು. ಕಾಲ ಸಾಲದೆ ಕೊನೆಯ ಅಂಕವನ್ನೇ ಕತ್ತರಿಸಿದರು. ಕಥೆ ಮುಗಿದುದು ೨೦೦೭ರ ಸೆಪ್ಟೆಂಬರಿನಲ್ಲಿ ‘ಹೇಲೋ ೩’ ಬಂದ ಮೇಲೆ. ಬಾಣನು ಅರ್ಧದಲ್ಲಿ ಬಿಟ್ಟ ಕಾದಂಬರಿಯನ್ನು ಅವನ ಮಗನು ಪೂರ್ತಿಗೊಳಿಸಿದಂತೆ ಇಲ್ಲಿಯೂ ಉತ್ತರಭಾಗಕ್ಕೆ ಇನ್ನೊಂದು ಉತ್ತರಭಾಗ ಬೇಕಾಯಿತು. ಮೂರು ವರ್ಷ ಕಾದವರಿಗೆ ಅಂದು ಅದು ದುಸ್ಸಹವಾಗಿತ್ತು. ಮೂರನ್ನೂ ಒಟ್ಟಿಗೆ ಆಡಬಲ್ಲ ಇಂದಿನವರಿಗೆ ಆ ನೋವಿಲ್ಲ. ಕಾಲವು ಕೆಲವು ದೋಷಗಳನ್ನು ಹೀಗೂ ಕ್ಷಮಿಸಿಬಿಡುತ್ತದೆ.

ಈ ಆಟಕ್ಕೆ ಇನ್ನೊಂದು ಬಾಳೂ ಇತ್ತು. ಅದು ಕಥೆಗೆ ಸೇರಿದ್ದಲ್ಲ, ಸಹವಾಸಕ್ಕೆ ಸೇರಿದ್ದು. ಎಕ್ಸ್‌ಬಾಕ್ಸ್ ಲೈವ್ ಎಂಬ ತಂತಿವ್ಯವಸ್ಥೆಯ ಮೂಲಕ ಹದಿನಾರು ಮಂದಿಯವರೆಗೆ ದೂರದೂರದಿಂದ ಕೂಡಿ ಆಡಬಹುದಾಗಿತ್ತು. ಎದುರಾಳಿಯನ್ನು ತಾನೇ ಹುಡುಕುವ ಶ್ರಮವಿಲ್ಲ. ಸಮಬಲರನ್ನು ಯಂತ್ರವೇ ಆರಿಸಿ ಜೊತೆಗೂಡಿಸುತ್ತಿತ್ತು. ಗೆಳೆಯರ ಗುಂಪು ಚದುರದೆ ಒಂದು ಪಂದ್ಯದಿಂದ ಮತ್ತೊಂದಕ್ಕೆ ಒಟ್ಟಾಗಿಯೇ ಹೋಗುತ್ತಿತ್ತು. ಇಂದು ಇದು ಎಲ್ಲ ಆಟಗಳಲ್ಲಿಯೂ ಸಾಮಾನ್ಯ. ಕನ್ಸೋಲಿನಲ್ಲಿ ಇದನ್ನು ರೂಢಿಗೆ ತಂದ ಕೀರ್ತಿಯಲ್ಲಿ ದೊಡ್ಡ ಪಾಲು ‘ಹೇಲೋ ೨’ಕ್ಕೆ ಸಲ್ಲಬೇಕು.

ಹಳೆಯ ಎಕ್ಸ್‌ಬಾಕ್ಸಿನ ಆಟಗಳಿಗೆ ಈ ವ್ಯವಸ್ಥೆಯನ್ನು ೨೦೧೦ರ ಏಪ್ರಿಲ್ ೧೫ರಂದು ನಿಲ್ಲಿಸಿದರು. ಆದರೆ ಅಂದು ಆಡುತ್ತಿದ್ದವರು ಯಂತ್ರವನ್ನು ಆರಿಸದೆ, ಸಂಪರ್ಕವು ಕಡಿಯದೆ ಇದ್ದಷ್ಟು ಕಾಲ ಒಳಗೆ ಉಳಿಯಬಹುದಾಗಿತ್ತು. ಕೆಲವರು ಹಾಗೆಯೇ ಉಳಿದರು. ಯಂತ್ರಗಳು ಕಾದು ಕೆಟ್ಟೋ ಸಂಪರ್ಕವು ತಪ್ಪಿಯೋ ಒಬ್ಬೊಬ್ಬರಾಗಿ ಕಳಚಿಕೊಂಡರು. ಕೊನೆಯವನು ಹೊರಬಿದ್ದುದು ಮೇ ತಿಂಗಳಲ್ಲಿ, ಸುಮಾರು ನಾಲ್ಕು ವಾರಗಳ ಮೇಲೆ. ನಂದುತ್ತಿರುವ ದೀಪಕ್ಕೆ ಅಂಗೈಯನ್ನು ಅಡ್ಡಹಿಡಿದಂತೆ ಆ ಮಂದಿ ತಮ್ಮ ಯಂತ್ರಗಳನ್ನು ಕಾದರು. ಇದನ್ನು ಹುಚ್ಚೆಂದು ನಗುವವರು ನಗಲಿ. ಕಡೆಯ ದಿನ ಖಾಲಿಯಾದ ತರಗತಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತವರಿಗೆ ಇದು ಅರ್ಥವಾಗುತ್ತದೆ.

೨೦೧೪ರ ನವೆಂಬರಿನಲ್ಲಿ ಈ ಆಟವನ್ನು ಹೊಸ ಚಿತ್ರಗಳೊಡನೆ ಒಂದು ಸಂಪುಟದಲ್ಲಿ ಸೇರಿಸಿ ಮತ್ತೆ ಹೊರತಂದರು. ೨೦೨೦ರಲ್ಲಿ ಅದೇ ಸಂಪುಟದ ಭಾಗವಾಗಿ ಅದು ಕಂಪ್ಯೂಟರಿಗೂ ಬಂದಿತು. ಒಂದು ಗುಂಡಿಯನ್ನೊತ್ತಿದರೆ ಹೊಸ ರೂಪ, ಮತ್ತೊಮ್ಮೆ ಒತ್ತಿದರೆ ಹಳೆಯ ರೂಪ. ನಾವು ಹಲವು ಬಾರಿ ಒತ್ತಿ ನೋಡಿದೆವು. ಹೊಸದು ಸುಂದರ, ಹಳೆಯದರಲ್ಲಿ ದಾರಿ ಸ್ಪಷ್ಟ. ಇಂತಹ ಜೀರ್ಣೋದ್ಧಾರವು ಎಲ್ಲ ಆಟಗಳಿಗೂ ದೊರೆಯುವುದಿಲ್ಲ. ಭಾಸನ ನಾಟಕಗಳು ಮಲೆಯಾಳದ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಅಡಗಿದ್ದು, ೧೯೧೨ರಿಂದ ಮೊದಲಾಗಿ ಗಣಪತಿ ಶಾಸ್ತ್ರಿಗಳ ಕೈಯಲ್ಲಿ ಅಚ್ಚಾದುವು. ತಾಳೆಗರಿಯನ್ನು ಓದಲು ಕಣ್ಣೊಂದಿದ್ದರೆ ಸಾಕು. ಆಟವನ್ನು ಓದಲು ಅದು ಹುಟ್ಟಿದ ಯಂತ್ರವೂ ಬೇಕು, ಆ ಯಂತ್ರವನ್ನು ಬಲ್ಲವರೂ ಬೇಕು. ಈ ಕಾಲದ ಕಥೆಗಳು ಮುಂದಿನವರಿಗೆ ತಲುಪಬೇಕಾದರೆ ಯಾರಾದರೂ ಅವನ್ನು ಪ್ರತಿಮಾಡುತ್ತ ಬರಬೇಕು.

ಮನೆಯವರಿಗೆ ಒಂದು ಮಾತು. ಅಮೆರಿಕದ ವರ್ಗೀಕರಣ ಮಂಡಲಿಯವರು ಈ ಆಟವನ್ನು ೧೭ ವರ್ಷಕ್ಕೆ ಮೇಲ್ಪಟ್ಟವರಿಗೆಂದು ಗುರುತಿಸಿದ್ದಾರೆ. ರಕ್ತಪಾತವುಂಟು, ಒರಟುಮಾತೂ ಉಂಟು. ಎಳೆಯರ ಕೈಗೆ ಇದು ತಕ್ಕದ್ದಲ್ಲ. ಬೆಳೆದ ಮಕ್ಕಳು ಆಡುವುದಾದರೆ ಹಿರಿಯರು ಪಕ್ಕದಲ್ಲಿ ಕುಳಿತು ನೋಡುವುದು ಲೇಸು. ಒಂದೇ ಯಂತ್ರದಲ್ಲಿ ಇಬ್ಬರು ಕೂಡಿ ಕಥೆಯನ್ನು ಆಡುವ ಸೌಕರ್ಯವು ಮೂಲದ ಆಟದಲ್ಲಿಯೇ ಇದೆ. ಶತ್ರುವಿನ ಎದೆಗೆ ಮುದ್ರೆಯೊತ್ತುವ ದೃಶ್ಯ ಬಂದಾಗ, ‘ಇವನು ಮಾಡಿದ ತಪ್ಪೇನು?’ ಎಂದು ಮಕ್ಕಳನ್ನು ಕೇಳಿ ನೋಡಿರಿ. ಆ ಪ್ರಶ್ನೆಗೆ ಅವರು ಕೊಡುವ ಉತ್ತರವು ಎಷ್ಟು ಶತ್ರುಗಳನ್ನು ಹೊಡೆದರೆಂಬ ಲೆಕ್ಕಕ್ಕಿಂತ ಬೆಲೆಯುಳ್ಳದ್ದು.