ಸಾಫ್ಟ್‌ವೇರ್ ಕಂಪನಿ ಕೊಂಡರೆ ಹಳೆಯ ಬಾಕಿಯೂ ಜೊತೆಗೆ ಬರುತ್ತದೆ

ಜಮೀನು ಕೊಳ್ಳುವ ಮೊದಲು ನಾವು ಸೊಲ್ಲಾಪುರದಲ್ಲಾದರೆ ಸಾತ್‌ಬಾರಾ ಉತಾರ, ಹೊಸೂರಿನಲ್ಲಾದರೆ ಪಟ್ಟಾ, ಆದೋನಿಯಲ್ಲಾದರೆ ಅಡಂಗಲ್ ನೋಡುತ್ತೇವೆ. ಸಾಫ್ಟ್‌ವೇರ್ ಕಂಪನಿಯನ್ನು ಕೊಳ್ಳುವವರಿಗೂ ಇಂಥದೇ ಎಚ್ಚರ ಬೇಕು. ಹಣದ ಲೆಕ್ಕ ಸರಿಯಿದ್ದರೂ ತಂತ್ರಾಂಶದ ಒಳಗೆ ತೊಡಕು ಇರಬಹುದು. ನಮ್ಮ ಸದಸ್ಯರ ಅನೇಕ ಮಕ್ಕಳು ಈ ಕ್ಷೇತ್ರದಲ್ಲೇ ದುಡಿಯುತ್ತಿರುವುದರಿಂದ ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಹೊಂದಾಣಿಕೆ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಹಾಟ್‌ಮೇಲ್ ಅನ್ನು ಮೈಕ್ರೋಸಾಫ್ಟ್ 1997ರ ಕೊನೆಗೆ ಕೊಂಡಿತು. ಹಾಟ್‌ಮೇಲ್‌ನ ವೆಬ್ ಸರ್ವರ್‌ಗಳು ಫ್ರೀಬಿಎಸ್‌ಡಿ ಮೇಲೆ, ಪತ್ರಗಳ ಸಂಗ್ರಹ ಸೋಲಾರಿಸ್ ಮೇಲೆ ನಡೆಯುತ್ತಿದ್ದವು. ಮೈಕ್ರೋಸಾಫ್ಟ್ ಮಾರುತ್ತಿದ್ದುದು ಮಾತ್ರ ವಿಂಡೋಸ್! ಕೋಟ್ಯಂತರ ಜನರು ಬಳಸುವ ಸೇವೆಯನ್ನು ನಿಲ್ಲಿಸಿ ರಿಪೇರಿ ಮಾಡುವಂತಿರಲಿಲ್ಲ. ವೆಬ್ ಸರ್ವರ್‌ಗಳನ್ನು ವಿಂಡೋಸ್‌ಗೆ ಸಾಗಿಸುವ ಕೆಲಸ 2000ದವರೆಗೂ ಕಾಯಬೇಕಾಯಿತು.

ಎರಡನೆಯದು ಪರವಾನಗಿ. ಸಿಸ್ಕೋ 2003ರಲ್ಲಿ ಲಿಂಕ್‌ಸಿಸ್ ಅನ್ನು ಕೊಂಡಿತು. ಲಿಂಕ್‌ಸಿಸ್ ರೌಟರ್‌ಗಳೊಳಗೆ ಲಿನಕ್ಸ್ ಇತ್ತು. ಅಂಥ ತಂತ್ರಾಂಶವನ್ನು ಹಂಚುವವರು ಅದರ ಸೋರ್ಸ್ ಕೋಡ್ ಕೂಡ ಕೊಡಬೇಕೆಂಬುದು ಜಿಪಿಎಲ್ ಪರವಾನಗಿಯ ಷರತ್ತು. ಈ ತಕರಾರು ಬೆಳೆದು, 2008ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೋ ಮೇಲೆ ದಾವೆ ಹೂಡಿತು. 2009ರಲ್ಲಿ ರಾಜಿಯಾಯಿತು.

ಮೂರನೆಯದು ಭದ್ರತೆ. ಯಾಹೂವಿನ ಮುಖ್ಯ ವ್ಯವಹಾರವನ್ನು 483 ಕೋಟಿ ಡಾಲರಿಗೆ ಕೊಳ್ಳಲು ವೆರೈಝನ್ 2016ರ ಜುಲೈನಲ್ಲಿ ಒಪ್ಪಿತು. ಬಳಿಕ ಯಾಹೂವಿನಲ್ಲಿ ಹಿಂದೆ ನಡೆದಿದ್ದ ಮಾಹಿತಿ ಕಳವುಗಳು ಬಯಲಾಗಿ, ಬೆಲೆ 35 ಕೋಟಿ ಡಾಲರ್ ಇಳಿಯಿತು. 2013ರ ಕಳವಿಗೆ ಸಿಕ್ಕಿದ್ದು ಎಲ್ಲ 300 ಕೋಟಿ ಖಾತೆಗಳು ಎಂಬುದು ತಿಳಿದದ್ದು ಖರೀದಿ ಮುಗಿದ ಮೇಲೆ, 2017ರ ಅಕ್ಟೋಬರ್‌ನಲ್ಲಿ.

ಮಾರಿದವರು ಹಣ ಪಡೆದು ಹೋಗಬಹುದು. ಹಳೆಯ ಕೋಡ್ ಅರ್ಥಮಾಡಿಕೊಳ್ಳುವ ಹೊರೆ ಉಳಿದ ನೌಕರರ ಮೇಲೆ, ಮಾಹಿತಿ ಕಳೆದುಕೊಳ್ಳುವ ಅಪಾಯ ಬಳಕೆದಾರರ ಮೇಲೆ ಬೀಳುತ್ತದೆ. ಆದ್ದರಿಂದ ಸ್ವಂತ ಕಂಪನಿ ಕಟ್ಟುತ್ತಿರುವ ನಮ್ಮ ಯುವಜನರು ಯಾವ ಕೋಡ್ ಎಲ್ಲಿಂದ ಬಂತು, ಅದರ ಪರವಾನಗಿ ಏನು, ಯಾವ ಭಾಗವನ್ನು ಏಕೆ ಹಾಗೆ ಬರೆದರು, ಸರ್ವರ್‌ಗೆ ಯಾರ್ಯಾರಿಗೆ ಪ್ರವೇಶವಿದೆ ಎಂಬುದನ್ನು ಮೊದಲ ದಿನದಿಂದಲೇ ಬರೆದಿಡಲಿ. ಅಂಗಡಿ, ಸಂಘ, ಶಾಲೆ ನಡೆಸುವ ಸದಸ್ಯರಿಗೂ ಒಂದು ಮಾತು: ನೀವು ಬಳಸುವ ಬಿಲ್ಲಿಂಗ್ ಅಥವಾ ಲೆಕ್ಕದ ತಂತ್ರಾಂಶದ ಕಂಪನಿ ಕೈ ಬದಲಾಯಿಸಿದೆ ಎಂದು ತಿಳಿದ ಕೂಡಲೇ ನಿಮ್ಮ ಮಾಹಿತಿಯ ಒಂದು ಪ್ರತಿಯನ್ನು ತೆಗೆದು ಬೇರೆ ಕಡೆ ಇಟ್ಟುಕೊಳ್ಳಿ.