ನಾರಿನ ಪುಡಿಯೂ ನಮ್ಮ ದೋಸೆ ಹಿಟ್ಟೂ



ದೆಹಲಿಯ ಲಕ್ಷ್ಮೀ ನಗರದಲ್ಲಿ ಹೋಟೆಲ್ ನಡೆಸುವ ನಾವು ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದಲ್ಲಿ ಕೂತೇ ಇರುವವರು. ರುಚಿ ನೋಡುವ ನೆಪದಲ್ಲಿ ವಡೆ, ಕೇಸರಿಬಾತ್, ದಿನಕ್ಕೆ ಆರೇಳು ಕಾಫಿ. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಎಂದರು ಡಾಕ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ 13.6 ಕೋಟಿ ಜನ ಈ ಹೊಸ್ತಿಲಲ್ಲಿದ್ದಾರೆ. ನಮ್ಮ ಗಿರಾಕಿಗಳಲ್ಲೂ ಎಷ್ಟೋ ಮಂದಿ ಇರಬೇಕು.

ಅದೇ ಸಮಯಕ್ಕೆ ಒಬ್ಬ ಮಾರಾಟಗಾರ ಪ್ರಿಬಯಾಟಿಕ್ ಫೈಬರ್ ಡಬ್ಬಿ ತಂದ. ದೋಸೆ ಹಿಟ್ಟಿಗೆ ಬೆರೆಸಿ ‘ಶುಗರ್ ದೋಸೆ’ ಎಂದು ಬೋರ್ಡ್ ಹಾಕಿ, ಇಪ್ಪತ್ತು ರೂಪಾಯಿ ಜಾಸ್ತಿ ತೆಗೆದುಕೊಳ್ಳಿ ಎಂಬುದು ಅವನ ಸಲಹೆ. ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು.

ಡಾಕ್ಟರನ್ನು ಕೇಳಿದೆವು. ಡಬ್ಬಿಯಲ್ಲಿದ್ದದ್ದು ಇನ್ಯುಲಿನ್, ಚಿಕೋರಿ ಬೇರಿನ ನಾರು. ನಾವು ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ! (ಹುರಿದಾಗ ಆ ನಾರು ಬಹುಪಾಲು ಒಡೆದುಹೋಗುತ್ತದಂತೆ, ಕಾಫಿ ಕುಡಿದು ಸಮಾಧಾನಪಡಬೇಡಿ.) ಈ ನಾರು ಹೊಟ್ಟೆಯಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಕೆಲವು ಪರೀಕ್ಷೆಗಳಲ್ಲಿ ಸಕ್ಕರೆ ಸ್ವಲ್ಪ ಇಳಿದಿದೆ, ಕೆಲವರಲ್ಲಿ ಇಲ್ಲ. ಇಸಬ್ಗೋಲಿನ ಕೆಲಸ ಬೇರೆ. ಅದು ಲೋಳೆಯಾಗಿ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ನಮ್ಮ ಹಿಟ್ಟಿಗೆ ಹಾಕುವ ಮೆಂತ್ಯದ ಲೋಳೆಯೂ ಅದೇ ಜಾತಿ, ಆದರೆ ಒಂದು ದೋಸೆಗೆ ಬರುವುದು ಚಿಟಿಕೆಯಷ್ಟೇ.

ಮೊದಲ ದಿನವೇ ನಾವು ಎರಡು ಚಮಚ ಪುಡಿ ನುಂಗಿ, ಹೊಟ್ಟೆ ಉಬ್ಬರಿಸಿ, ಗಲ್ಲಾದಲ್ಲಿ ಕೂರಲಾಗದೆ ಒದ್ದಾಡಿದ್ದುಂಟು. ಅರ್ಧ ಚಮಚದಿಂದ ಶುರುಮಾಡಬೇಕಿತ್ತು.

ಬೋರ್ಡ್ ಮಾತ್ರ ಹಾಕಲಿಲ್ಲ. ದಿನವೂ ಬರುವ ಒಬ್ಬ ಹಿರಿಯರು ಸಕ್ಕರೆ ಮಾತ್ರೆ ನುಂಗುವವರು. ಬೋರ್ಡ್ ನಂಬಿ ಇನ್ನೊಂದು ಮಸಾಲೆ ದೋಸೆ ತಿಂದರೆ ಪಾಪ ಯಾರಿಗೆ? ಕಾನೂನೂ ಇದೆ. ಆಹಾರದಿಂದ ರೋಗ ಗುಣವಾಗುತ್ತದೆಂದು ಜಾಹೀರಾತು ಮಾಡುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ಒಪ್ಪುವುದಿಲ್ಲ.

ಬದಲಿಗೆ ಊಟದ ತಟ್ಟೆಯಲ್ಲಿ ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ ದೊಡ್ಡ ಸೌಟಿನಲ್ಲಿ ಬಡಿಸುತ್ತೇವೆ. ಅನ್ನ ಕೇಳಿದವರಿಗೆ ಮಾತ್ರ ಎರಡನೇ ಸಲ. ತರಕಾರಿ ಖರ್ಚು ಏರಿತು, ಅಕ್ಕಿ ಇಳಿಯಿತು.

ಮೂರು ತಿಂಗಳ ನಂತರ ನಮ್ಮದು 5.9. ಪುಡಿಯಿಂದಲೋ, ಸಕ್ಕರೆ ಇಲ್ಲದ ಕಾಫಿಯಿಂದಲೋ, ಸಂಜೆಯ ನಡಿಗೆಯಿಂದಲೋ ಹೇಳಲಾರೆವು. ಡಬ್ಬಿ ಮುಗಿದಿದೆ, ಇನ್ನೊಂದು ತರಿಸಿಲ್ಲ.