ಗ್ರಾಫಿಕ್ಸ್ ಕಾರ್ಡಿನ ವೇಗವೂ ಒಂದು ವೋಲ್ಟಿನ ಲೆಕ್ಕವೂ

ಕೈಗೆ ಸಿಕ್ಕಿದ ಯಂತ್ರವನ್ನು ಅದರ ನಿಯತ ವೇಗಕ್ಕಿಂತ ತುಸು ಹೆಚ್ಚಾಗಿ ಓಡಿಸಿ ನೋಡಬೇಕೆಂಬ ಆಸೆ ಮನುಷ್ಯನಿಗೆ ಹೊಸತೇನಲ್ಲ. ಹಿಂದಿನ ತಲೆಮಾರಿನ ತರುಣರು ಮೋಟಾರ್ ಸೈಕಲ್ಲಿನ ಕಾರ್ಬುರೇಟರನ್ನು ಬಿಚ್ಚಿಕೊಂಡು ಕುಳಿತಿರುತ್ತಿದ್ದರು. ಇಂದಿನವರು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ಮುಂದೆ ಕುಳಿತಿದ್ದಾರೆ. ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರಿ ಅದನ್ನು ದುಡಿಸುವ ಕ್ರಮಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಇದರಲ್ಲಿ ತೊಡಕು ತಲೆದೋರಿದಾಗಲೆಲ್ಲ ವೋಲ್ಟೇಜನ್ನು ಏರಿಸುವುದೇ ಮದ್ದು ಎಂಬ ನಂಬಿಕೆ ಹುಡುಗರಲ್ಲಿ ಬೇರೂರಿದೆ. ಆ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ವಿಚಾರಿಸೋಣ.

ಕಳೆದ ಬೇಸಗೆಯಲ್ಲಿ ನನ್ನ ತಮ್ಮನ ಮಗ ಬಾಡಿದ ಮುಖ ಹೊತ್ತು ನಮ್ಮ ಮನೆಗೆ ಬಂದ. ಕಾಲೇಜಿನ ವೆಚ್ಚಕ್ಕೆಂದು ಅವನು ಮದುವೆಯ ವಿಡಿಯೋಗಳನ್ನು ಸಂಕಲನ ಮಾಡಿಕೊಡುತ್ತಾನೆ. ಅದಕ್ಕಾಗಿ ಜಿಟಿಎಕ್ಸ್ 1060 ಎಂಬ, 2016ರಲ್ಲಿ ಮಾರುಕಟ್ಟೆಗೆ ಬಂದ ಕಾರ್ಡೊಂದನ್ನು ಬಳಸಿದವರ ಕೈಯಿಂದ ಕೊಂಡಿದ್ದ. ಮೂರು ದಿನಗಳಲ್ಲಿ ಒಂದು ಮದುವೆಯ ವಿಡಿಯೋ ಒಪ್ಪಿಸಬೇಕು. ಮುಂಗಡದ ಹಣ ಕಾರ್ಡಿಗೇ ವೆಚ್ಚವಾಗಿದೆ. ಕೆಲಸದ ನಡುವೆ ಪರದೆ ಕಪ್ಪಾಗಿ, ಮಾಡಿದ್ದೆಲ್ಲ ಹೋಗುತ್ತಿದೆ.

“ದೊಡ್ಡಪ್ಪ, ವೋಲ್ಟೇಜನ್ನು ತುದಿಯವರೆಗೂ ಏರಿಸಿದ್ದೇನೆ. ಆದರೂ ನಿಲ್ಲುತ್ತಿಲ್ಲ. ಇನ್ನೇನು ಮಾಡಲಿ?” ಎಂದ.

“ಏರಿಸುವ ಮೊದಲು ಏನಾಗುತ್ತಿತ್ತು?” ಎಂದು ಕೇಳಿದೆ. ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ವೇಗ, ಮೆಮೊರಿ, ವೋಲ್ಟೇಜ್ ಮೂರನ್ನೂ ಅವನು ಒಂದೇ ಸಂಜೆ ಬದಲಿಸಿದ್ದ. ರೋಗದ ಮೂಲ ಅಲ್ಲಿಯೇ ಇತ್ತು.

ಒಂದು ವೋಲ್ಟಿನ ಮಹಿಮೆ

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ಅದನ್ನು 12 ವೋಲ್ಟಿಗೆ ಇಳಿಸುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೇಲಿರುವ ಮತ್ತೊಂದು ಮಂಡಲ ಆ 12 ವೋಲ್ಟನ್ನು ಸುಮಾರು 1 ವೋಲ್ಟಿಗೆ ಇಳಿಸಿ ಚಿಪ್ಪಿಗೆ ಉಣಿಸುತ್ತದೆ. 1 ವೋಲ್ಟೆಂದು ಹಗುರಾಗಿ ಕಾಣಬೇಡಿ. ಈ ಕಾರ್ಡಿನ ವಿದ್ಯುತ್ ಬಳಕೆ 120 ವಾಟ್. ಅದರ ಬಹುಪಾಲು 1 ವೋಲ್ಟಿನಲ್ಲಿ ಹರಿಯಬೇಕಾದರೆ ಪ್ರವಾಹವು ನೂರು ಆಂಪಿಯರಿನ ಸಮೀಪಕ್ಕೆ ಹೋಗುತ್ತದೆ. ನಮ್ಮ ಗೋಡೆಯ ಸಾಮಾನ್ಯ ಪ್ಲಗ್ಗಿನ ಮಿತಿ 6 ಆಂಪಿಯರ್ ಎಂಬುದನ್ನು ನೆನೆದರೆ ಇದರ ಪ್ರಮಾಣ ಮನದಟ್ಟಾದೀತು.

ಚಿಪ್ಪಿನೊಳಗೆ ಕೋಟಿಗಟ್ಟಲೆ ಸೂಕ್ಷ್ಮ ಸ್ವಿಚ್ಚುಗಳಿವೆ. ವೋಲ್ಟೇಜ್ ಹೆಚ್ಚಿದರೆ ಅವು ಬೇಗ ತೆರೆದು ಮುಚ್ಚುತ್ತವೆ. ಆದ್ದರಿಂದ ಹೆಚ್ಚಿನ ವೇಗಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು ಎಂಬ ಮಾತು ಸುಳ್ಳಲ್ಲ. ಆದರೆ ಅದಕ್ಕೆ ತೆರುವ ಬೆಲೆಯನ್ನು ನೋಡಬೇಕು. ಸ್ವಿಚ್ಚುಗಳ ಚಲನೆಯಿಂದ ಹುಟ್ಟುವ ಶಾಖವು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ಈ ಬಗೆಯ ಕಾರ್ಡು ಸಾಮಾನ್ಯವಾಗಿ 1.062 ವೋಲ್ಟಿನವರೆಗೆ ಹೋಗುತ್ತದೆ. ಪರದೆಯ ಮೇಲಿನ ಹಿಡಿಯನ್ನು ಪೂರ್ತಿ ಸರಿಸಿದರೆ 1.093ಕ್ಕೆ ಏರುತ್ತದೆ. ಶಾಖದಲ್ಲಿ ಇದು ನೂರಕ್ಕೆ 6ರಷ್ಟು ಹೆಚ್ಚಳ. ದೊರೆಯುವ ವೇಗವಾದರೋ 2,000 ಮೆಗಾಹರ್ಟ್ಸಿನಲ್ಲಿ ಸಾಧಾರಣವಾಗಿ 25ರ ಆಸುಪಾಸು, ಅಂದರೆ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು.

ಇನ್ನೊಂದು ಸಂಗತಿಯಿದೆ. ಈ ಕಾರ್ಡುಗಳು ತಮ್ಮ ವೇಗವನ್ನು ತಾವೇ ನಿಯಂತ್ರಿಸಿಕೊಳ್ಳುತ್ತವೆ. ಬಿಸಿಯಾದಂತೆ ಸುಮಾರು 13 ಮೆಗಾಹರ್ಟ್ಸಿನ ಮೆಟ್ಟಿಲುಗಳಲ್ಲಿ ಕೆಳಗಿಳಿಯುತ್ತವೆ. ವಿದ್ಯುತ್ತಿನ ಮಿತಿ ತಲಪಿದರೂ ಇಳಿಯುತ್ತವೆ. ಆದುದರಿಂದ ಆ ಮಿತಿಯಲ್ಲಿಯೇ ಇರುವ ಕಾರ್ಡಿಗೆ ವೋಲ್ಟೇಜ್ ಹೆಚ್ಚಿಸಿದರೆ ಅದು ವೇಗವಾಗುವ ಬದಲು ನಿಧಾನವಾಗುವುದುಂಟು. ನನ್ನ ತಮ್ಮನ ಮಗನ ಕಾರ್ಡಿನಲ್ಲಿ ನಡೆದಿದ್ದುದೂ ಇದೇ. ವೋಲ್ಟೇಜ್ ತುದಿಯಲ್ಲಿತ್ತು, ವೇಗ ಮೊದಲಿಗಿಂತ ಕೆಳಗಿತ್ತು.

ಲಕ್ಷಣಗಳನ್ನು ಓದುವುದು

ವೈದ್ಯರು ಜ್ವರವೊಂದನ್ನೇ ಕಂಡು ಔಷಧಿ ಕೊಡುವುದಿಲ್ಲ. ಇಲ್ಲಿಯೂ ಲಕ್ಷಣಗಳನ್ನು ಬೇರ್ಪಡಿಸಿ ನೋಡಬೇಕು.

ಪರದೆ ಕ್ಷಣಕಾಲ ಕಪ್ಪಾಗಿ, ಡ್ರೈವರ್ ಪ್ರತಿಕ್ರಿಯಿಸಲಿಲ್ಲ ಎಂಬ ಸೂಚನೆಯೊಡನೆ ಮರಳಿ ಬಂದರೆ ಬಹುಮಟ್ಟಿಗೆ ಚಿಪ್ಪಿನ ವೇಗವು ಅದಕ್ಕೆ ದೊರೆಯುತ್ತಿರುವ ವೋಲ್ಟೇಜನ್ನು ಮೀರಿದೆ ಎಂದರ್ಥ. ವಿಂಡೋಸ್ ವ್ಯವಸ್ಥೆಯು 2 ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಕಾರ್ಡನ್ನು ಹೊಸದಾಗಿ ಎಬ್ಬಿಸುತ್ತದೆ. ಪರದೆಯ ಮೇಲೆ ಬಣ್ಣದ ಚುಕ್ಕೆಗಳು, ಚೌಕಳಿಗಳು, ಮಿಂಚುಗಳು ಕಾಣಿಸಿದರೆ ಮೊದಲು ಮೆಮೊರಿಯನ್ನು ಶಂಕಿಸಬೇಕು; ಮೆಮೊರಿ ಕೆಟ್ಟರೂ ಪರದೆ ಕಪ್ಪಾಗಬಹುದು. ಇಡೀ ಕಂಪ್ಯೂಟರೇ ದೀಪ ಆರಿದಂತೆ ಒಮ್ಮೆಲೆ ನಿಂತರೆ ಪವರ್ ಸಪ್ಲೈಯನ್ನೂ ಅದರ ಕೇಬಲ್ಲುಗಳನ್ನೂ ಪರೀಕ್ಷಿಸಬೇಕು. ಯಾವ ದೋಷವೂ ಕಾಣದೆ ವೇಗ ಮಾತ್ರ ಕುಂದಿದ್ದರೆ ಶಾಖ ಅಥವಾ ವಿದ್ಯುತ್ತಿನ ಮಿತಿ ಅದಕ್ಕೆ ಕಾರಣ. ವೇಗವನ್ನು ತಡೆಯುತ್ತಿರುವುದು ಯಾವುದೆಂದು ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ತೋರಿಸುತ್ತದೆ.

ಸಂಜೆ ದೀಪ ಮಂಕಾಗುವುದನ್ನು ಕಂಡು, ಸ್ಟೆಬಿಲೈಸರ್ ತಂದರೆ ಸರಿಹೋದೀತೆಂದು ಹುಡುಗನ ತಾಯಿ ಸೂಚಿಸಿದ್ದಳು. ಆ ಯೋಚನೆ ಸಹಜವಾದದ್ದೇ. ಆದರೆ ಪವರ್ ಸಪ್ಲೈ ಸುಸ್ಥಿತಿಯಲ್ಲಿದ್ದರೆ ಹೊರಗಿನ ಸಣ್ಣ ಏರಿಳಿತಗಳು ಚಿಪ್ಪಿನ 1 ವೋಲ್ಟಿನವರೆಗೆ ಇಳಿದು ಬರುವುದಿಲ್ಲ. ಅದು ನೀಡುವ 12 ವೋಲ್ಟು, ಭಾರ ಬಿದ್ದಾಗಲೂ 11.4ಕ್ಕಿಂತ ಕೆಳಗಿಳಿಯಬಾರದು, ಇಳಿದರೆ ಪವರ್ ಸಪ್ಲೈ ಬದಲಿಸಬೇಕೇ ಹೊರತು ಕಾರ್ಡಿನ ವೋಲ್ಟೇಜನ್ನಲ್ಲ.

“ಕಪ್ಪಾಗುವ ಮೊದಲು ಪರದೆಯಲ್ಲಿ ಏನಾದರೂ ಕಂಡಿತೇ?” ಎಂದು ಕೇಳಿದಾಗ, “ಬಣ್ಣದ ಕಿಡಿಗಳು ಹಾರಿದಂತೆ ಕಾಣುತ್ತಿತ್ತು, ದೊಡ್ಡಪ್ಪ. ನಾನು ಗಮನ ಕೊಡಲಿಲ್ಲ” ಎಂದ. ಮೆಮೊರಿಯ ವೇಗಕ್ಕೆ ಅವನು 600 ಮೆಗಾಹರ್ಟ್ಸ್ ಸೇರಿಸಿದ್ದ. ಆದರೆ ಅವನು ಏರಿಸುತ್ತಿದ್ದ ವೋಲ್ಟೇಜು ಚಿಪ್ಪಿನದು. ಮೆಮೊರಿಗೂ ಅದಕ್ಕೂ ಸಂಬಂಧವೇ ಇಲ್ಲ. ಕಾಲಿಗೆ ಮುಳ್ಳು ಚುಚ್ಚಿದ್ದರೆ ಕೈಗೆ ಪಟ್ಟಿ ಕಟ್ಟಿದಂತಾಗಿತ್ತು.

ಪರಿಹಾರದ ಕ್ರಮ

ಮೊದಲನೆಯದಾಗಿ, ಎಲ್ಲವನ್ನೂ ತಯಾರಕರ ಮೂಲಸ್ಥಿತಿಗೆ ಮರಳಿಸಿ ಅರ್ಧ ಗಂಟೆ ದುಡಿಸಬೇಕು. ಆಗಲೂ ತೊಂದರೆ ಕಂಡರೆ ದೋಷವು ಓವರ್‌ಕ್ಲಾಕಿಂಗಿನದಲ್ಲ. ಎರಡನೆಯದಾಗಿ, ಧೂಳು ತೆಗೆದು, ಫ್ಯಾನುಗಳು ತಿರುಗುತ್ತಿವೆಯೇ ಎಂದು ನೋಡಬೇಕು. ಈ ಕಾರ್ಡು 83 ಡಿಗ್ರಿ ಸೆಲ್ಸಿಯಸ್ಸನ್ನು ತನ್ನ ಗುರಿಯಾಗಿಟ್ಟುಕೊಂಡು ವೇಗ ತಗ್ಗಿಸಿಕೊಳ್ಳುತ್ತದೆ. ಬೇಸಗೆಯ ಕೋಣೆಯಲ್ಲಿ ಆ ಗುರಿ ದೂರವಿರುವುದಿಲ್ಲ. ಮೂರನೆಯದಾಗಿ, ಮೆಮೊರಿಯನ್ನು ಮುಟ್ಟದೆ ಚಿಪ್ಪಿನ ವೇಗವನ್ನಷ್ಟೇ ಸಣ್ಣ ಮೆಟ್ಟಿಲುಗಳಲ್ಲಿ ಏರಿಸಿ, ಪ್ರತಿ ಬಾರಿಯೂ ಪರೀಕ್ಷಿಸಬೇಕು. ದೋಷ ಕಂಡ ಮೆಟ್ಟಿಲಿನಿಂದ ಎರಡು ಮೆಟ್ಟಿಲು ಕೆಳಗಿಳಿದು ನಿಲ್ಲುವುದು ವಿವೇಕ. ಅನಂತರವೇ ಮೆಮೊರಿಯ ಸರದಿ. ವೋಲ್ಟೇಜನ್ನು ಮುಟ್ಟುವುದು ಇವೆಲ್ಲ ಮುಗಿದ ಮೇಲೆ, ಅದೂ ಶಾಖ ಮತ್ತು ವಿದ್ಯುತ್ತಿನ ಮಿತಿಗಳಿಗೆ ಇನ್ನೂ ಅಂತರವಿದ್ದರೆ ಮಾತ್ರ.

ಒಂದೊಂದು ಬದಲಾವಣೆಯನ್ನೂ ನೋಟುಪುಸ್ತಕದಲ್ಲಿ ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕಂಪ್ಯೂಟರ್ ತೆರೆದ ಕೂಡಲೇ ಹೊಸ ಹೊಂದಾಣಿಕೆ ತಾನಾಗಿ ಜಾರಿಗೆ ಬರುವ ಏರ್ಪಾಡನ್ನು ಕೆಲವು ದಿನ ಪರೀಕ್ಷಿಸುವವರೆಗೆ ಮಾಡಲಾಗದು. ಮಾಡಿ ಸಿಕ್ಕಿಬಿದ್ದವರು ಸೇಫ್ ಮೋಡಿನಲ್ಲಿ ಒಳಹೊಕ್ಕು ಅದನ್ನು ತೆಗೆಯಬೇಕಾಗುತ್ತದೆ.

ಇಳಿಸುವ ಜಾಣ್ಮೆ

ಹುಡುಗನ ಕಾರ್ಡಿನ ಮೆಮೊರಿಯ ಹೆಚ್ಚಳವನ್ನು 600ರಿಂದ 300ಕ್ಕೆ ತಗ್ಗಿಸಿದೆವು; ಕಿಡಿಗಳು ನಿಂತವು. ಬಳಿಕ ಅವನಿಗೆ ನಂಬಿಕೆಯಾಗದ ಇನ್ನೊಂದು ಕೆಲಸ ಮಾಡಿದೆವು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒತ್ತಿದರೆ ವೋಲ್ಟೇಜಿಗೂ ವೇಗಕ್ಕೂ ಇರುವ ಸಂಬಂಧದ ವಕ್ರರೇಖೆ ತೆರೆದುಕೊಳ್ಳುತ್ತದೆ. ಅದರಲ್ಲಿ 0.950 ವೋಲ್ಟಿನ ಬಿಂದುವನ್ನು 1,850 ಮೆಗಾಹರ್ಟ್ಸಿಗೆ ನಿಲ್ಲಿಸಿ, ಅದರಾಚೆಯ ರೇಖೆಯನ್ನು ಅದೇ ಮಟ್ಟದಲ್ಲಿ ಸಮವಾಗಿಸಿದೆವು. 1.062ರಿಂದ 0.950ಕ್ಕೆ ಇಳಿದಾಗ ವರ್ಗದ ಲೆಕ್ಕದಂತೆ ಚಿಪ್ಪಿನ ಶಾಖದಲ್ಲಿ ಐದನೆಯ ಒಂದು ಭಾಗ ಉಳಿತಾಯ. ಫ್ಯಾನಿನ ಸದ್ದು ಇಳಿಯಿತು. ವೇಗ ಏರುಪೇರಾಗದೆ ನಿಂತಿತು. ಎಲ್ಲ ಚಿಪ್ಪುಗಳೂ ಒಂದೇ ಗುಣದವಲ್ಲವಾದ್ದರಿಂದ ಈ ಅಂಕಿಗಳನ್ನು ಹಾಗೆಯೇ ಅನುಕರಿಸದೆ ಪ್ರತಿಯೊಬ್ಬರೂ ತಮ್ಮ ಕಾರ್ಡಿನ ಮಿತಿಯನ್ನು ತಾವೇ ಕಂಡುಕೊಳ್ಳಬೇಕು.

ಹೆಚ್ಚಿನ ವೋಲ್ಟೇಜು ಹೆಚ್ಚಿನ ಶಾಖದೊಡನೆ ಕೂಡಿ ವರ್ಷಗಟ್ಟಲೆ ದುಡಿದರೆ ಚಿಪ್ಪಿನೊಳಗಿನ ಲೋಹದ ಎಳೆಗಳು ಪ್ರವಾಹದ ಒತ್ತಡಕ್ಕೆ ಮೆಲ್ಲನೆ ಸವೆಯುತ್ತವೆ. ಆ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ವೇಗದ ಹೊಂದಾಣಿಕೆಯಲ್ಲಿ ತಪ್ಪಿದರೆ ಪರದೆ ಕಪ್ಪಾದೀತು, ಮತ್ತೆ ಬಂದೀತು. ವೋಲ್ಟೇಜಿನಲ್ಲಿ ತಪ್ಪಿದರೆ ಕಾರ್ಡೇ ಹೋದೀತು. ಗ್ಯಾರಂಟಿ ಉಳಿದಿರುವ ಕಾರ್ಡಾದರೆ ಅದರ ಷರತ್ತುಗಳನ್ನು ಮೊದಲು ಓದಿಕೊಳ್ಳುವುದು ಲೇಸು.

ಮೂರನೆಯ ದಿನ ಸಂಜೆ ಮದುವೆಯ ವಿಡಿಯೋ ಒಪ್ಪಿಸಿ ಬಂದ ಹುಡುಗ, ನೋಟುಪುಸ್ತಕವನ್ನು ನನ್ನ ಮುಂದಿಟ್ಟ. ಕೊನೆಯ ಪುಟದಲ್ಲಿ ವೋಲ್ಟೇಜು, ವೇಗ, ಶಾಖಗಳ ಅಂಕಿಗಳು ಸಾಲಾಗಿ ಬರೆದಿದ್ದವು. ಮನೆಯಲ್ಲಿ ಇಂತಹ ಹುಡುಗರಿರುವ ತಂದೆತಾಯಿಯರು ಅವರನ್ನು ಗದರಿಸಿ ಯಂತ್ರದಿಂದ ದೂರ ಮಾಡಬೇಕಾಗಿಲ್ಲ. ಕೈಗೊಂದು ನೋಟುಪುಸ್ತಕ ಕೊಟ್ಟು, ಬದಲಿಸಿದ್ದನ್ನೆಲ್ಲ ಬರೆದಿಡುವ ಅಭ್ಯಾಸ ಮಾಡಿಸಿದರೆ ಸಾಕು.